ಸುಪೆಯ ಬಯಲಲ್ಲಿ ಒಂದು ಸುತ್ತು

ಬಾರಾಮತಿ ಅಂದರೆ ಕಬ್ಬು, ಸಕ್ಕರೆ ಕಾರ್ಖಾನೆ ಎಂದಷ್ಟೇ ನಾನೂ ತಿಳಿದಿದ್ದೆ. ಆದರೆ ಇದೇ ತಾಲೂಕಿನ ಸುಪೆ ಊರಿನ ಬಳಿ ಬೇರೆಯೇ ಒಂದು ನೆಲವಿದೆ. ಸಹ್ಯಾದ್ರಿಯು ಮಳೆಮೋಡಗಳನ್ನು ಆಚೆ ಮಗ್ಗುಲಲ್ಲೇ ತಡೆಯುವುದರಿಂದ ಇಲ್ಲಿ ಒಣಹುಲ್ಲು, ಜಾಲಿ, ಕಲ್ಲು ಇಷ್ಟೇ. ಧನಗರರು, ಅಂದರೆ ನಮ್ಮ ಕಡೆಯ ಕುರುಬರಂಥವರು, ಕುರಿ ಮೇಯಿಸುತ್ತ ಬಂದ ಸೀಮೆ ಇದು. 1997ರಲ್ಲಿ ಇದರ 5.14 ಚದರ ಕಿ.ಮೀ. ಜಾಗ ಮಯೂರೇಶ್ವರ ಅಭಯಾರಣ್ಯವಾಯಿತು.

ಅರಣ್ಯದವರ ಅನುಮತಿ ಪಡೆದು, ಅವರು ತೋರಿಸಿದ ದಾರಿ ಬಿಡದೆ, ಬೆಳಗಿನ ತಂಪಿನಲ್ಲಿ ಸುತ್ತಿ ಬರಬೇಕು. ದೊಡ್ಡ ಏರಿಲ್ಲ, ನೆರಳೂ ಇಲ್ಲ, ನೀರು ಒಯ್ಯಲು ಮರೆಯಬೇಡಿ. ಸುಮ್ಮನೆ ನಿಂತು ನೋಡಿದರೆ ಚಿಂಕಾರ ಕಂಡಾವು. ಎಲೆಯ ರಸ, ಇಬ್ಬನಿಗಳಿಂದಲೇ ಬಹಳ ದಿನ ನೀರು ಕುಡಿಯದೆ ಇರಬಲ್ಲ ಪ್ರಾಣಿ. ಅಂಜಿದರೆ ಕಾಲು ಬಡಿದು, ಸೀನಿದ ಹಾಗೆ ಸದ್ದು ಮಾಡಿ ಓಡುತ್ತದೆ. ದಟ್ಟ ಕಾಡು ಇದಕ್ಕೆ ಒಗ್ಗದು, ಬಯಲೇ ಬೇಕು.

ನಾನು ಬೀಳಗಿ ಕಡೆಯವ. ನಮ್ಮಲ್ಲೂ 2016ರಲ್ಲಿ ಯಡಹಳ್ಳಿ ಚಿಂಕಾರ ಧಾಮ ಆಗಿದೆ. ನಮ್ಮಪ್ಪ ಕುರಿ ಮಾರಿ ನನ್ನ ಕಾಲೇಜು ಫೀ ಕಟ್ಟಿದ ದಿನ, "ಮೇಯಿಸಾಕ ಜಾಗಾನ ಉಳದಿಲ್ಲಪಾ" ಅಂದಿದ್ದ. ಇಂಥ ಹುಲ್ಲುನೆಲ ಸರಕಾರಿ ಲೆಕ್ಕದಲ್ಲಿ ಎಷ್ಟೋ ಕಡೆ 'ಬಂಜರು'. ಕಾಮರ್ಸ್ ಓದುವ ನಾನೂ ಅದನ್ನು ಹಾಗೇ ನಂಬಿದ್ದೆ. ಆದರೆ ನನ್ನ ಫೀ ಬಂದದ್ದು ಅಂಥ ನೆಲದಿಂದಲೇ ಎಂಬುದು ಸುಪೆಯಲ್ಲಿ ನಡೆಯುವಾಗ ಹೊಳೆಯಿತು. ರಜೆಯಲ್ಲಿ ಒಮ್ಮೆ ನೀವೂ ಹೋಗಿ ಬನ್ನಿ.