ಹಾಸನ ಸೀಮೆಗೆ ಬಂದ ಎಳೆಯ ಪಾದ್ರಿ

ಹಾಸನ ಸೀಮೆಯಲ್ಲಿ ಧರ್ಮಪ್ರಚಾರ ಮಾಡಿದ ಪರದೇಶದ ಪಾದ್ರಿಗಳಲ್ಲಿ ಹೆಚ್ಚು ಹೆಸರಾದವರು ಫ್ರಾನ್ಸಿನ ಅಬ್ಬೆ ದ್ಯುಬುವಾ. ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ 1766ರಲ್ಲಿ ಹುಟ್ಟಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯ ಪರವಾಗಿ ಭಾರತಕ್ಕೆ ಹೊರಟರು. ಆಗ ಅವರ ವಯಸ್ಸು 26. ಫ್ರಾನ್ಸಿನಲ್ಲಿ ಕ್ರಾಂತಿಯ ಉರಿ ಹೊತ್ತಿ ಪಾದ್ರಿಗಳ ಜೀವಕ್ಕೇ ಸಂಚಕಾರ ಬಂದಿದ್ದ ಕಾಲ ಅದು. ಇತ್ತ ಹಾಸನ ಸೀಮೆಯಲ್ಲಿ, ಸಕಲೇಶಪುರದ ಬಳಿಯ ಆನೇಮಹಲ್ ದಾಟಿ ಘಟ್ಟದ ಕಡೆ ಹೋದರೆ ಸಿಗುವ ದೋಣಿಗಲ್ಲಿನ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸುತ್ತಿದ್ದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯ ಕೆಲಸ ಮುಗಿದದ್ದೂ 1792ರಲ್ಲೇ. ಮೊದಲ ವರ್ಷಗಳನ್ನು ಪುದುಚೇರಿ ಮಿಶನ್ನಿನ ಆಸರೆಯಲ್ಲಿ ತಮಿಳು ಸೀಮೆಯಲ್ಲಿ ಕಳೆದ ದ್ಯುಬುವಾ ಮೈಸೂರು ಸೀಮೆಗೆ ಕಾಲಿಟ್ಟದ್ದು ಟಿಪ್ಪುವಿನ ಪತನದ ನಂತರ.

ಅವರನ್ನು ಇಲ್ಲಿಗೆ ಕರೆಸಿಕೊಳ್ಳಲು ಕಾರಣವಿತ್ತು. 1784ರಲ್ಲಿ ಟಿಪ್ಪು ಕೆನರಾ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ದಾರಿಯಲ್ಲಿ ಸತ್ತವರು ಸತ್ತರು, ಉಳಿದವರಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಚೆದುರಿಹೋಗಿದ್ದ ಈ ಜನರನ್ನು ಒಟ್ಟುಗೂಡಿಸಲು ಒಬ್ಬ ಪಾದ್ರಿ ಬೇಕಾಯಿತು. ಆ ಕೆಲಸ ದ್ಯುಬುವಾ ಪಾಲಿಗೆ ಬಂತು. ಮಲೆನಾಡಿನಲ್ಲಿ ಆಗಿನ್ನೂ ಗದ್ದಲ ಅಡಗಿರಲಿಲ್ಲ. ಮಂಜರಾಬಾದ್ ಸುತ್ತಲಿನ ಬಲಂ ಸೀಮೆಯ ಐಗೂರು ಪಾಳೆಯಗಾರ ಈಸ್ಟ್ ಇಂಡಿಯಾ ಕಂಪನಿಗೆ ತಲೆಬಾಗದೆ ಕಾಡಿನಲ್ಲಿ ನಿಂತು ಕಾದಾಡಿದ. ಕಂಪನಿಯ ದಂಡನಾಯಕ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಅವನನ್ನು ಮಣಿಸಿದ್ದು 1802ರಲ್ಲಿ. ಹೀಗಾಗಿ ದ್ಯುಬುವಾ ಎದುರಿಗಿದ್ದದ್ದು ಯುದ್ಧದಿಂದ ಬಸವಳಿದಿದ್ದ, ಹೊಸಬರನ್ನು ಕಂಡರೆ ಅನುಮಾನಪಡುತ್ತಿದ್ದ ಜನ.

ಹೊಸ ಪಾದ್ರಿಯ ಮೊದಲ ಅಡ್ಡಿ ಅವನ ಮೈಬಣ್ಣ ಮತ್ತು ಊಟ. ಬಿಳಿಯನೆಂದರೆ ಪರಂಗಿ, ಪರಂಗಿಯೆಂದರೆ ದನ ತಿನ್ನುವವನು, ಹೆಂಡ ಕುಡಿಯುವವನು ಎಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿತ್ತು. ಅಂಥವನನ್ನು ಜಗಲಿಯ ಮೇಲೆ ಕೂರಿಸಿಕೊಳ್ಳಲೂ ಜನ ಹಿಂಜರಿಯುತ್ತಿದ್ದರು. ಅವನು ಹೇಳುವ ದೇವರ ಮಾತನ್ನು ಕೇಳುವುದು ಆಮೇಲಿನ ಸಂಗತಿ. ಈ ತೊಡಕನ್ನು ಹಿಂದಿನ ಜೆಸ್ವಿಟ್ ಪಾದ್ರಿಗಳೂ ಕಂಡಿದ್ದರು. ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ 1606ರಿಂದ, ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ಡೊ ಚಿನ್ನಾಮಿ ಅದೇ ಶತಮಾನದ ನಡುಭಾಗದಲ್ಲಿ ಸನ್ಯಾಸಿಗಳಂತೆ ಬಾಳಿ ಜನರ ನಡುವೆ ಜಾಗ ಮಾಡಿಕೊಂಡಿದ್ದರು. ಜೆಸ್ವಿಟ್ ಸಂಘ 1773ರಲ್ಲಿ ವಿಸರ್ಜನೆಯಾದಾಗ ಅವರ ಕ್ಷೇತ್ರಗಳನ್ನು ವಹಿಸಿಕೊಂಡದ್ದು ಪ್ಯಾರಿಸ್ ಸಂಸ್ಥೆ. ದ್ಯುಬುವಾ ಅದೇ ಹಾದಿ ಹಿಡಿದರು.

ಜನರ ವಿಶ್ವಾಸ ಗಳಿಸದೆ ಏನೂ ಸಾಗದು ಎಂಬುದು ಬಂದ ಕೂಡಲೇ ತಮಗೆ ಅರಿವಾಯಿತೆಂದು ಅವರು ಮುಂದೆ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಬರೆದಿದ್ದಾರೆ. ಉಡುಗೆ, ಊಟ, ಕೂರುವ ಏಳುವ ರೀತಿ ಎಲ್ಲವನ್ನೂ ಅವರು ಇಲ್ಲಿಯವರಂತೆ ಬದಲಿಸಿಕೊಂಡರು. ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಭಾವಚಿತ್ರದಲ್ಲಿ ಅವರು ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಕೋಲು ಹಿಡಿದಿದ್ದಾರೆ. ಮುಖವೊಂದನ್ನು ಬಿಟ್ಟರೆ ಯೂರೋಪಿನ ಗುರುತು ಏನೂ ಇಲ್ಲ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಊರಿನ ಹಿರಿಯರಿಗೆ, ಮಠದ ಗುರುಗಳಿಗೆ ಸಲ್ಲುತ್ತಿದ್ದ ಗೌರವ ಆ ಕರೆಯಲ್ಲಿದೆ.

ಹಾಸನಕ್ಕೆ ಹತ್ತಿರದ ಸಾತಳ್ಳಿಯಲ್ಲಿ ದ್ಯುಬುವಾ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಯೊಂದನ್ನು ಕಟ್ಟಿಕೊಟ್ಟರು. ಸೆರೆಯಿಂದ ಬಿಡುಗಡೆಯಾದವರಿಗೆ, ನೆಲೆ ಕಳೆದುಕೊಂಡವರಿಗೆ ಪ್ರಾರ್ಥನೆಗಿಂತ ಮೊದಲು ಬೇಕಿದ್ದದ್ದು ಉಳಲು ನೆಲ, ಹೊಟ್ಟೆಗೆ ರಾಗಿ. ಧರ್ಮಪ್ರಚಾರಕ್ಕೆಂದು ಬಂದವರು ಇಲ್ಲಿ ಒಕ್ಕಲುತನದ ಹೊಣೆಯನ್ನೂ ಹೊರಬೇಕಾಯಿತು.

ಅದಕ್ಕಿಂತ ದೊಡ್ಡ ಕೆಲಸ ಸಿಡುಬಿನ ವಿರುದ್ಧ ನಡೆಯಿತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಪ್ರಯೋಗಿಸಿದ ಲಸಿಕೆ ಮುಂಬಯಿಗೆ ತಲುಪಿ, ಅಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಯಶಸ್ವಿಯಾಗಿ ಹಾಕಿದ್ದು 1802ರ ಜೂನಿನಲ್ಲಿ. ಆಗ ಲಸಿಕೆಯನ್ನು ಸೀಸೆಯಲ್ಲಿ ಕೆಡದಂತೆ ಇಡುವ ಉಪಾಯ ಇರಲಿಲ್ಲ. ಒಬ್ಬರ ತೋಳಿನ ಮೇಲೆ ಗೀರಿ ಹಾಕಿದ ಮೈಲಿ ಎಂಟನೆಯ ದಿನದ ಹೊತ್ತಿಗೆ ಗುಳ್ಳೆಯಾಗಿ ತುಂಬಿಕೊಳ್ಳುತ್ತಿತ್ತು; ಆ ಗುಳ್ಳೆಯ ರಸವನ್ನು ಸಣ್ಣ ಚೂರಿಯ ಮೊನೆಯಲ್ಲಿ ತೆಗೆದು ಮುಂದಿನವರ ತೋಳಿಗೆ ಹಾಕಬೇಕಿತ್ತು. ಒಂದು ವಾರ ಯಾರೂ ತೋಳು ಒಡ್ಡದಿದ್ದರೆ ಸರಪಳಿ ಅಲ್ಲಿಗೇ ಕಡಿಯುತ್ತಿತ್ತು. ಸಿಡುಬು ಅಮ್ಮನ ಮುನಿಸು ಎಂದು ನಂಬಿದ ಊರಿನಲ್ಲಿ, ಪರರ ಮೈಯ ರಸವನ್ನು ಮೈಗೆ ಹಾಕಿಸಿಕೊಳ್ಳಿ ಎಂದು ಜಾತಿಜಾತಿಯ ಜನರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಆದರೂ 1803-04ರಲ್ಲಿ ದ್ಯುಬುವಾ ಮುತುವರ್ಜಿಯಿಂದ 25,432 ಮಂದಿಗೆ ಲಸಿಕೆ ಬಿದ್ದಿತೆಂದು ದಾಖಲೆ ಹೇಳುತ್ತದೆ. ಹತ್ತು ವರ್ಷ ಜನರ ನಡುವೆ ಅವರಂತೆ ಬಾಳಿ ಗಳಿಸಿದ್ದ ನಂಬಿಕೆ ಇಲ್ಲಿ ಕೈಹಿಡಿಯಿತು.

ಆ ಹೊತ್ತಿನಲ್ಲೇ ಅವರು ತಾವು ಕಂಡ ಆಚಾರ, ಹಬ್ಬ, ಮದುವೆ, ಜಾತಿಕಟ್ಟುಗಳ ಬಗ್ಗೆ ಫ್ರೆಂಚಿನಲ್ಲಿ ಬರೆಯುತ್ತಿದ್ದರು. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೂಲಕ ಆ ಹಸ್ತಪ್ರತಿ ಮದರಾಸು ಸರ್ಕಾರದ ಕೈಸೇರಿತು. 1807ರಲ್ಲಿ ಗವರ್ನರ್ ವಿಲಿಯಂ ಬೆಂಟಿಂಕ್ ಅದನ್ನು 2,000 ವರಹ ಕೊಟ್ಟು ಕಂಪನಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಗ್ರಂಥದ ಬಹುಭಾಗ ಕೂರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹವನ್ನು ಆಧರಿಸಿದೆ ಎಂಬುದನ್ನು ಫ್ರಾನ್ಸಿನ ವಿದ್ವಾಂಸೆ ಸಿಲ್ವಿಯಾ ಮುರ್ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ಗ್ರಂಥದ ತೀರ್ಪುಗಳಲ್ಲಿ ಪಾದ್ರಿಯ ಪೂರ್ವಗ್ರಹವೂ ಸಾಕಷ್ಟಿದೆ. ಓದುವಾಗ ಈ ಎರಡೂ ಸಂಗತಿ ನೆನಪಿರಬೇಕು.

ಪ್ರಚಾರದ ಫಲ ಮಾತ್ರ ಕೈಗೆಟುಕಲಿಲ್ಲ. 1823ರ ಜನವರಿಯಲ್ಲಿ ದ್ಯುಬುವಾ ಭಾರತ ಬಿಟ್ಟರು. ಅದೇ ವರ್ಷ ಪ್ರಕಟವಾದ ಪತ್ರಗಳ ಸಂಗ್ರಹದಲ್ಲಿ, ಹಿಂದೂಗಳನ್ನು ಕ್ರೈಸ್ತಮತಕ್ಕೆ ತರುವುದು ಆಗದ ಕೆಲಸ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಇಂಗ್ಲೆಂಡಿನ ಪ್ರೊಟೆಸ್ಟೆಂಟ್ ಪಾದ್ರಿಗಳು ಸಿಟ್ಟಿಗೆದ್ದು ಉತ್ತರ ಬರೆದರು. ಮುಂದೆ ಪ್ಯಾರಿಸ್ಸಿನ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದ ದ್ಯುಬುವಾ 1848ರಲ್ಲಿ ತೀರಿಕೊಂಡರು. ಹಾಸನ ಸೀಮೆಯಲ್ಲಿ ಫ್ರೆಂಚ್ ಪಾದ್ರಿಗಳ ಕೆಲಸ ಅವರ ನಂತರವೂ ಮುಂದುವರಿಯಿತು. 1860ರ ಸುಮಾರಿಗೆ ಶೆಟ್ಟಿಹಳ್ಳಿಯಲ್ಲಿ ಎದ್ದ ಚರ್ಚು ಅದಕ್ಕೆ ಸಾಕ್ಷಿ. ಸಕಲೇಶಪುರವನ್ನು ಹಾದು ಬರುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, ಮಳೆಗಾಲ ಜೋರಾದಾಗ ಆ ಚರ್ಚಿನ ಪಾಳುಗೋಡೆಗಳು ಹಿನ್ನೀರಿನಲ್ಲಿ ಅರ್ಧ ಮುಳುಗುತ್ತವೆ.

ಎಳೆಯ ಪ್ರಚಾರಕರ ಈ ಅನುಭವ ಕನ್ನಡ ನಾಡಿನ ಬೇರೆಡೆಯೂ ಮರುಕಳಿಸಿತು. ಐರ್ಲೆಂಡಿನ ವಿಲಿಯಂ ಆರ್ಥರ್ 1839ರಲ್ಲಿ ವೆಸ್ಲಿಯನ್ ಮಿಶನ್ನಿನಿಂದ ತುಮಕೂರು ಸೀಮೆಯ ಗುಬ್ಬಿಗೆ ಬಂದಾಗ ಅವರಿಗೆ 20 ವರ್ಷ. ಅಡಿಕೆ ವ್ಯಾಪಾರಕ್ಕೆ ಹೆಸರಾದ ಆ ಊರಿನಲ್ಲಿ ಕನ್ನಡ ಕಲಿಯುತ್ತಲೇ ಸಾರುವ ಕೆಲಸಕ್ಕೆ ಇಳಿದರು. ಆರೋಗ್ಯ ಕೆಟ್ಟು, ಕಣ್ಣು ಸೋತು 1841ರಲ್ಲೇ ಹಿಂತಿರುಗಬೇಕಾಯಿತು. ಆ ಅಲ್ಪಾವಧಿಯ ಅನುಭವವನ್ನು ಅವರು 1847ರಲ್ಲಿ ಪುಸ್ತಕ ಮಾಡಿದರು. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಅವರಿಗೆ 21. ಅವರ ಮನಸ್ಸು ಬಹುಬೇಗ ಕನ್ನಡದ ಛಂದಸ್ಸು, ವ್ಯಾಕರಣ, ಜನರ ಆಡುಮಾತಿನ ಕಡೆ ಹರಿಯಿತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ಅವರ ನಿಘಂಟಿನ ಬೇರು ಆ ಎಳವೆಯ ಕಲಿಕೆಯಲ್ಲೇ ಇದೆ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡ ಕಲಿತು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದರು.

ಅಮೆರಿಕದಲ್ಲಿ 1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಪಂಥದ ಕಥೆ ಬೇರೆ. 1853ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಅವರ ಪ್ರಚಾರಕರ ತಂಡ ಏಪ್ರಿಲಿನಲ್ಲಿ ಕಲ್ಕತ್ತ ಮುಟ್ಟಿತು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮದರಾಸಿನಲ್ಲಿ ಸುಮಾರು ಒಂದು ವರ್ಷ ದುಡಿದು ಪತ್ರಿಕೆಯನ್ನೂ ಹೊರಡಿಸಿದರು. ಈ ತಂಡದ ಕಣ್ಣು ಹೆಚ್ಚಾಗಿ ಇಂಗ್ಲಿಷ್ ಬಲ್ಲ ಬಿಳಿಯರು ಮತ್ತು ಸೈನಿಕರ ಮೇಲಿತ್ತು. ಪಂಥದ ಬಹುಪತ್ನಿತ್ವದ ಸುದ್ದಿ ಮೊದಲೇ ತಲುಪಿ ಅವರಿಗೆ ಬಾಗಿಲುಗಳು ಮುಚ್ಚಿದವು. ಕೆಲವೇ ವರ್ಷಗಳಲ್ಲಿ ಅವರ ಪ್ರಯತ್ನ ನಿಂತುಹೋಯಿತು.

ಇಂದು ಆ ಪಂಥದ ಹುಡುಗರೂ ಹುಡುಗಿಯರೂ 18ಕ್ಕೆ ಪ್ರಚಾರಕ್ಕೆ ಹೊರಡಬಹುದು; ಹುಡುಗಿಯರಿಗೆ 2025ರವರೆಗೆ 19 ತುಂಬಬೇಕಿತ್ತು. ಅವಧಿ ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ಯಾವ ಊರು ಎಂಬುದನ್ನು ಸಭೆ ತೀರ್ಮಾನಿಸುತ್ತದೆ. ಸಂಬಳವಿಲ್ಲ, ಒಬ್ಬಂಟಿಯಾಗಿ ತಿರುಗುವಂತಿಲ್ಲ, ಯಾವಾಗಲೂ ಜೋಡಿಯಾಗಿಯೇ ಇರಬೇಕು. ಹಿಂದೆ ಮನೆಗೆ ಫೋನ್ ಮಾಡಲು ವರ್ಷಕ್ಕೆ ಒಂದೆರಡು ಸಲವಷ್ಟೇ ಅವಕಾಶವಿತ್ತು. 2019ರಿಂದ ವಾರಕ್ಕೊಮ್ಮೆ ಮಾತಾಡಬಹುದು. ಬೆಂಗಳೂರಿನಲ್ಲಿ ಈ ಸಭೆಯ ಮಿಶನ್ ಆರಂಭವಾದದ್ದು 1993ರಲ್ಲಿ. ಅಲ್ಲಿ ದೇವಮಂದಿರ ಕಟ್ಟುವ ಘೋಷಣೆ ಹೊರಬಿದ್ದದ್ದು 2018ರಲ್ಲಿ.

ಕಾಲ, ಪಂಥ, ದೇಶ ಬೇರೆಯಾದರೂ ಮನೆ ಬಿಟ್ಟು ಬಂದ ಇಪ್ಪತ್ತರ ಆಸುಪಾಸಿನ ಪ್ರಚಾರಕನ ಮೊದಲ ದಿನಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಒಗ್ಗದ ಊಟ, ತೊದಲುವ ಮಾತು, ಕಾಡುವ ಜ್ವರ, ಮುಚ್ಚಿದ ಬಾಗಿಲು. ಕಲಿಸಲು ಬಂದವನು ಮೊದಲು ಕಲಿಯಬೇಕಾಗುತ್ತದೆ. ಈ ಕಲಿಕೆಯನ್ನು ಬೇಸರದ ಪೀಠಿಕೆಯೆಂದು ಬಗೆದವರು ಬೇಗ ಮರೆಯಾದರು. ಅದಕ್ಕೇ ಆಯಸ್ಸು ತೆತ್ತವರ ಕೆಲಸ ಧರ್ಮದ ಗಡಿ ದಾಟಿ ಎಲ್ಲರ ಸೊತ್ತಾಯಿತು. ಕಿಟೆಲ್ ನಿಘಂಟನ್ನು ಬಳಸುವವರು ಅವರ ಪಂಥವನ್ನು ಕೇಳುವುದಿಲ್ಲ. ದೊಡ್ಡಸ್ವಾಮಿಯವರ ಮಾತು ನಂಬಿ ತೋಳು ಒಡ್ಡಿದವರೂ ಕೇಳಿರಲಾರರು.