ಬಿಚ್ಚಿದ ಟ್ರಕ್ಕು ಮತ್ತೆ ಕೂಡುವುದು ಯಾವಾಗ?

ಅಮೆರಿಕದಲ್ಲಿ ಹಳೆಯ ವಾಹನಗಳನ್ನು ಕೊಳ್ಳುವ, ಮಾರುವ ಮಂದಿಯ ನಡುವೆ ‘ಬಾಸ್ಕೆಟ್ ಕೇಸ್’ ಎಂಬ ಮಾತು ಬಳಕೆಯಲ್ಲಿದೆ. ಬುಟ್ಟಿಗೆ ತುಂಬಿ ಒಯ್ಯಬೇಕಾದಷ್ಟು ಬಿಡಿಬಿಡಿಯಾದ ಗಾಡಿ ಎಂದು ಅದರ ಅರ್ಥ. ಎಂಜಿನ್ನು ಒಂದು ಮೂಲೆಯಲ್ಲಿ, ಬಾಗಿಲುಗಳು ಗೋಡೆಗೆ ಒರಗಿಕೊಂಡು, ನಟ್ಟು ಬೋಲ್ಟುಗಳು ಕಾಫಿಪುಡಿಯ ಖಾಲಿ ಡಬ್ಬಿಗಳಲ್ಲಿ. ಇಂಥ ಗಾಡಿಯನ್ನು ಮಾರುವವರು ಅದನ್ನು ಬಿಚ್ಚಿದವರೇ ಆಗಿರಬೇಕೆಂದಿಲ್ಲ. ಎಷ್ಟೋ ಸಲ ಅವರ ಹೆಂಡತಿಯೋ ಮಗನೋ ಆಗಿರುತ್ತಾರೆ. ಯಾವ ಬೋಲ್ಟು ಎಲ್ಲಿಯದೆಂದು ಬಲ್ಲ ತಲೆ ಇದ್ದುದು ಒಂದೇ, ಈಗ ಅದೂ ಇಲ್ಲ. ಹೊಲದಂಚಿನಲ್ಲಿ ತುಕ್ಕು ಹಿಡಿದು ನಿಂತಿದ್ದಾಗ ಅದಕ್ಕೆ ಇದ್ದ ಬೆಲೆಯೂ ಈಗ ಸಿಗುವುದು ಕಷ್ಟ.

ಹಳೆಯ ಟ್ರಕ್ಕೊಂದನ್ನು ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ತುಕ್ಕು ತೆಗೆದು, ಕಾರ್ಖಾನೆಯಿಂದ ಬಂದ ದಿನ ಇದ್ದಂತೆ ಮತ್ತೆ ಕಟ್ಟುವುದು ಆ ದೇಶದಲ್ಲಿ ಬಹು ಜನಪ್ರಿಯ ಹವ್ಯಾಸ. ನೌಕರಿ ಮುಗಿಸಿ ಬಂದ ಸಂಜೆಗಳಲ್ಲಿ, ವಾರದ ರಜೆಗಳಲ್ಲಿ ನಡೆಯುವ ಈ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಹಣ ಬೇಕು, ಕೈಯಲ್ಲಿ ಕಸುಬು ಬೇಕು, ನಿಜ. ಆದರೆ ಅರ್ಧಕ್ಕೆ ನಿಂತ ಗಾಡಿಗಳ ಕಥೆ ಕೇಳುತ್ತ ಹೋದರೆ ಇವೆರಡಕ್ಕಿಂತ ಮೊದಲು ಖರ್ಚಾಗಿ ಹೋಗುವುದು ಹುರುಪು ಎನ್ನಿಸುತ್ತದೆ. ಅದು ನಡುದಾರಿಯಲ್ಲೇ ಏಕೆ ಕೈಕೊಡುತ್ತದೆ?

ಇಲ್ಲಿ ಟ್ರಕ್ಕು ಎಂದರೆ ನಮ್ಮ ಆರು ಚಕ್ರದ ಲಾರಿಯಲ್ಲ. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್, ಹಿಂದೆ ತೆರೆದ ತೊಟ್ಟಿ ಇರುವ ಪಿಕಪ್. ಫೋರ್ಡ್ ಕಂಪೆನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಷೆವರ್ಲೆ, 1948ರಲ್ಲಿ ಫೋರ್ಡ್ ಹೊಸ ವಿನ್ಯಾಸದ ಪಿಕಪ್‌ಗಳನ್ನು ತಂದವು. ಗುಂಡಗಿನ ಮೂಗು, ಉಬ್ಬಿದ ಮಡ್‌ಗಾರ್ಡು, ತೊಟ್ಟಿಯ ತಳಕ್ಕೆ ಮರದ ಹಲಗೆ, ಆರು ವೋಲ್ಟಿನ ಬ್ಯಾಟರಿ. ಹುಲ್ಲಿನ ಕಂತೆ, ಹಾಲಿನ ಕ್ಯಾನು, ನಾಯಿ, ಮಕ್ಕಳು ಎಲ್ಲವನ್ನೂ ಹೊತ್ತ ಗಾಡಿಗಳಿವು. ಇವತ್ತು ಗ್ಯಾರೇಜಿನಲ್ಲಿ ಬಿಚ್ಚಿಕೊಂಡಿರುವ ಷೆವರ್ಲೆ 3100 ಬಹುಮಟ್ಟಿಗೆ ಯಾರದೋ ಅಜ್ಜನ ಗಾಡಿ. ಆದ್ದರಿಂದಲೇ ಅದನ್ನು ಅರ್ಧಕ್ಕೆ ಬಿಟ್ಟವನಿಗೆ ಕಾಡುವ ಸಂಕಟ ಬರೀ ಹಣ ಹೋಯಿತೆಂಬುದಲ್ಲ.

ಬಿಚ್ಚುವುದು ಸುಖದ ಕೆಲಸ. ಒಂದೇ ಶನಿವಾರದಲ್ಲಿ ನಾಲ್ಕು ಮಡ್‌ಗಾರ್ಡು, ಬಾನೆಟ್ಟು, ರೇಡಿಯೇಟರು ಕೆಳಗಿಳಿಯುತ್ತವೆ. ಸಂಜೆಗೆ ನೋಡಿದರೆ ಎಷ್ಟೊಂದು ಕೆಲಸವಾಯಿತು! ಕಟ್ಟುವುದು ಹಾಗಲ್ಲ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆಗಳಲ್ಲಿ ದಶಕಗಳ ಕಾಲ ಮಣ್ಣು ತೇವ ಸೇರಿ, ತಗಡು ಒಳಗಿನಿಂದಲೇ ಕೊಳೆತಿರುತ್ತದೆ. ಹೊರಗೆ ನಾಣ್ಯದಗಲ ಕಂಡ ತೂತು, ತಟ್ಟಿ ನೋಡಿದಾಗ ಅಂಗೈಯಗಲ. ಅದನ್ನು ಕತ್ತರಿಸಿ, ಹೊಸ ತಗಡು ಬಗ್ಗಿಸಿ, ವೆಲ್ಡ್ ಮಾಡಿ, ಉಜ್ಜಿ ಸಮ ಮಾಡಿದರೆ ಒಂದು ತಿಂಗಳ ಭಾನುವಾರಗಳು ಕಳೆದಿರುತ್ತವೆ. ಅಷ್ಟಾದರೂ ನೆರೆಯವರ ಕಣ್ಣಿಗೆ ಗಾಡಿ ಹೋದ ತಿಂಗಳಿದ್ದಂತೆಯೇ ಇದೆ.

ಬೋಲ್ಟಿನ ವಿಷಯವನ್ನೇ ನೋಡಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ಆ ಜಾಗವಿಲ್ಲ. ಹಾಗಾಗಿ ಎರಡೂ ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಬಲ ಹಾಕಿದರೆ ತಲೆ ತುಂಡಾಗುತ್ತದೆ. ಎಣ್ಣೆ ಬಿಟ್ಟು ರಾತ್ರಿಯೆಲ್ಲ ಕಾಯುವುದು, ನಟ್ಟನ್ನು ಕೆಂಪಗೆ ಕಾಯಿಸಿ ಹಿಗ್ಗಿಸುವುದು, ಅಷ್ಟಿಷ್ಟೇ ಹಿಂದೆ ಮುಂದೆ ಆಡಿಸುವುದು ಬಲ್ಲವರ ದಾರಿ. ಡಾಡ್ಜ್ ಮತ್ತು ಅದರ ಸೋದರ ಫಾರ್ಗೋ ಗಾಡಿಗಳಲ್ಲಿ ಇನ್ನೊಂದು ಕುತ್ತಿದೆ. ಅವುಗಳ ಎಡಭಾಗದ ಚಕ್ರಗಳ ನಟ್ಟುಗಳಿಗೆ ಎಡಮುರಿ ಮರೆ. ಇದು ತಿಳಿಯದೆ ಬಿಚ್ಚಲು ಹೊರಟವನು ಸಡಿಲಿಸುತ್ತಿದ್ದೇನೆಂದು ನಂಬಿ ಬಿಗಿಯುತ್ತಲೇ ಹೋಗುತ್ತಾನೆ.

ಹುರುಪಿನ ಈ ಏರಿಳಿತ ಮನಶ್ಶಾಸ್ತ್ರಜ್ಞರಿಗೆ ಹೊಸತಲ್ಲ. ಗುರಿ ಹತ್ತಿರವಾದಂತೆ ಓಟ ಚುರುಕಾಗುತ್ತದೆಂದು ಅಮೆರಿಕದ ಕ್ಲಾರ್ಕ್ ಹಲ್ 1932ರಲ್ಲೇ ವಾದಿಸಿದ್ದರು. ಅವರು ನೋಡಿದ್ದು ತಿನಿಸಿನತ್ತ ಓಡುವ ಇಲಿಗಳನ್ನು. 2011ರಲ್ಲಿ ಆಂಡ್ರಿಯಾ ಬೊನೆಝಿ ಮತ್ತು ಸಂಗಡಿಗರು ಇದಕ್ಕೆ ಇನ್ನೊಂದು ಮುಖ ತೋರಿಸಿದರು. ಕೆಲಸದ ಆರಂಭದಲ್ಲಿ ನಾವು ಹೊರಟ ಜಾಗದಿಂದ ಎಷ್ಟು ದೂರ ಬಂದೆವೆಂದು ಅಳೆಯುತ್ತೇವೆ, ಕೊನೆಯಲ್ಲಿ ಮುಟ್ಟಲು ಇನ್ನೆಷ್ಟು ದೂರವೆಂದು ಅಳೆಯುತ್ತೇವೆ. ಎರಡೂ ಕಡೆ ಒಂದೊಂದು ಹೆಜ್ಜೆಯೂ ದೊಡ್ಡದಾಗಿಯೇ ಕಾಣುತ್ತದೆ. ನಡುವೆ ಮಾತ್ರ ಎರಡು ದಡವೂ ದೂರ, ಎಷ್ಟು ಈಜಿದರೂ ನಿಂತಲ್ಲೇ ಇದ್ದಂತೆ. ಟ್ರಕ್ಕಿನ ಕೆಲಸದಲ್ಲಿ ಈ ನಡುನೀರು ಬಲು ಅಗಲ. ಬಿಚ್ಚುವುದು ಕೆಲವು ವಾರ, ಕೊನೆಯ ಬಣ್ಣ ಮತ್ತು ಜೋಡಣೆ ಕೆಲವು ತಿಂಗಳು, ಮಿಕ್ಕಿದ್ದೆಲ್ಲ ನಡುವೆಯೇ.

ಅಂದಾಜಿನ ತಪ್ಪೂ ಸೇರಿಕೊಳ್ಳುತ್ತದೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರಿಗೆ ಇದು ಗೊತ್ತಿತ್ತು. ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕಾದೀತೆಂದು ವಿದ್ಯಾರ್ಥಿಗಳನ್ನು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ, ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದು ಕೇಳಿದಾಗ ಕೊಟ್ಟ ಲೆಕ್ಕವೂ ನಿಜಕ್ಕಿಂತ ಕಡಿಮೆಯೇ ಇತ್ತು. ಎರಡು ವರ್ಷವೆಂದು ಮನೆಯವರಿಗೆ ಮಾತು ಕೊಟ್ಟವನು ಮೂರನೆಯ ವರ್ಷ ಗ್ಯಾರೇಜಿಗೆ ಹೋಗುವುದೇ ತಪ್ಪಿತಸ್ಥನಂತೆ. ಆಮೇಲೆ ಆ ಬಾಗಿಲು ತೆರೆಯಲೂ ಮನಸ್ಸಾಗದು. ಈ ಲೇಖಕನ ಮನೆಯ ಅಟ್ಟದಲ್ಲೂ ‘ಬರುವ ಭಾನುವಾರ’ ಜೋಡಿಸಬೇಕಾದ ವಾಲ್ವ್ ರೇಡಿಯೋ ಒಂದಿದೆ. ಯಾವ ವರ್ಷದ ಭಾನುವಾರವೆಂದು ಯಾರೂ ಕೇಳದಿದ್ದರೆ ಉಪಕಾರ.

ಇನ್ನೊಂದು ಮೋಸವಿದೆ, ಅದು ಉತ್ಸಾಹದ ವೇಷದಲ್ಲೇ ಬರುತ್ತದೆ. ಬ್ರೇಕ್ ಸರಿಮಾಡಲು ಚಕ್ರ ತೆಗೆದವನು, ಹೇಗೂ ತೆಗೆದಿದ್ದೇನಲ್ಲ, ಪಟ್ಟಿ ಸ್ಪ್ರಿಂಗುಗಳನ್ನೂ ಬಿಚ್ಚೋಣ ಎನ್ನುತ್ತಾನೆ. ಸ್ಪ್ರಿಂಗು ಬಿಚ್ಚಿದ ಮೇಲೆ ಚಾಸಿಗೆ ಬಣ್ಣ ಬಳಿಯದಿರುವುದು ಹೇಗೆ? ಅದಕ್ಕೆ ಕ್ಯಾಬಿನ್ ಎತ್ತಬೇಕು. ಎಂಜಿನ್ನು ಹೊರಬಂದ ಮೇಲೆ ಅದನ್ನೂ ಪೂರ್ತಿ ತೆರೆಯೋಣ. ಷೆವರ್ಲೆಯ 216 ಘನ ಅಂಗುಲದ ಹಳೆಯ ಆರು ಸಿಲಿಂಡರ್ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡುಗಳ ಬೇರಿಂಗು ಬೇರೆ ಬಿಡಿಭಾಗವಲ್ಲ. ಬ್ಯಾಬಿಟ್ ಎಂಬ ಮೆದು ಮಿಶ್ರಲೋಹವನ್ನು ಕರಗಿಸಿ ರಾಡಿಗೇ ಎರಕ ಹೊಯ್ದಿರುತ್ತಾರೆ. ಆ ಎರಕ ಬಲ್ಲ ವರ್ಕ್‌ಷಾಪುಗಳು ಈಗ ವಿರಳ. ರಾಡುಗಳು ಅಲ್ಲಿಗೆ ಹೋಗಿ ಬರುವವರೆಗೆ ತಿಂಗಳುಗಳು ಕಾಯಬೇಕು. ಬ್ರೇಕ್ ರಿಪೇರಿಗೆ ಕೈಹಾಕಿದ ಮನುಷ್ಯ ಈಗ ಬುಟ್ಟಿಗಳ ನಡುವೆ ನಿಂತಿದ್ದಾನೆ.

ಮುಗಿಸಿದವರು ಏನು ಮಾಡಿದರು? ಅವರ ಉಪಾಯಗಳು ನೋಡಲು ತೀರ ಸಣ್ಣವು. ಕಳಚಿದ ಪ್ರತಿ ಬೋಲ್ಟನ್ನು ಚೀಟಿ ಅಂಟಿಸಿದ ಚೀಲದಲ್ಲಿಡುವುದು, ಬಿಚ್ಚುವ ಮೊದಲು ಫೋಟೋ ತೆಗೆಯುವುದು. ಇದು ನೆನಪಿಗಾಗಿ ಮಾತ್ರವಲ್ಲ. ನಡುನೀರಿನಲ್ಲಿದ್ದಾಗ ಹಳೆಯ ಫೋಟೋಗಳೇ ಹೊರಟ ದಡವನ್ನು ತೋರಿಸುತ್ತವೆ. ಎರಡನೆಯದು, ಟ್ರಕ್ಕನ್ನು ಒಂದು ಕೆಲಸವೆಂದು ನೋಡದೆ ವೈಪರ್ ಮೋಟಾರು, ಹೀಟರು, ಒಂದು ಬಾಗಿಲು ಎಂದು ಬೇರೆಬೇರೆ ಕೆಲಸ ಮಾಡಿಕೊಂಡು, ಒಂದನ್ನು ಬಣ್ಣ ಹೊಡೆಯುವವರೆಗೆ ಮುಗಿಸಿಯೇ ಇನ್ನೊಂದಕ್ಕೆ ಹೋಗುವುದು. ಕಪಾಟಿನಲ್ಲಿ ಫಳಫಳ ಹೊಳೆಯುವ ಒಂದು ಹೀಟರು ಮಾಡುವ ಉಪಕಾರ ಅರ್ಧರ್ಧ ಉಜ್ಜಿದ ಹತ್ತು ಭಾಗಗಳಿಂದ ಆಗದು. ಮನಸ್ಸೇ ಇಲ್ಲದ ಸಂಜೆಗಳಲ್ಲೂ ಹದಿನೈದು ನಿಮಿಷ ಹೋಗಿ ಒಂದು ಬೋಲ್ಟು ತಿಕ್ಕಿ ಬರುವವರಿದ್ದಾರೆ.

ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು ಬೇರೆ. ಗಾಡಿಯನ್ನು ಪೂರ್ತಿ ಬಿಚ್ಚದೆಯೇ, ಓಡಿಸುತ್ತಲೇ, ಒಂದು ಸಲಕ್ಕೆ ಒಂದು ಅಂಗ ಸರಿಮಾಡುತ್ತ ಹೋಗುವ ಕ್ರಮ. ಮೊದಲು ಎಂಜಿನ್ನು ಮಾತನಾಡಬೇಕು, ಬ್ರೇಕು ಹಿಡಿಯಬೇಕು. ಬಣ್ಣ ಕೊನೆಗೆ. ಪ್ರದರ್ಶನದ ಬಹುಮಾನಕ್ಕೆ ಇದು ಸಾಲದು, ಆದರೆ ಮಕ್ಕಳನ್ನು ಕೂರಿಸಿಕೊಂಡು ಬೀದಿ ಸುತ್ತಿ ಬರಬಹುದು. ಬೀದಿಯ ಆ ಒಂದು ಸುತ್ತು ಮುಂದಿನ ಆರು ತಿಂಗಳ ತಗಡಿನ ಕೆಲಸಕ್ಕೆ ಆಗುವಷ್ಟು ಹುರುಪು ತುಂಬುತ್ತದೆ.

ಈ ಗಾಡಿಗಳು ನಮಗೂ ಪರಕೀಯವಲ್ಲ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಬೊಂಬಾಯಿಯಲ್ಲಿ ಷೆವರ್ಲೆ ಕಾರು, ಟ್ರಕ್ಕುಗಳನ್ನು ಜೋಡಿಸುತ್ತಿತ್ತು. ಅಲ್ಲೇ ಪ್ರೀಮಿಯರ್ ಕಂಪೆನಿ ಡಾಡ್ಜ್, ಫಾರ್ಗೋಗಳನ್ನು ತಯಾರಿಸಿತು. ಎಡಮುರಿ ನಟ್ಟಿನ ಗುಟ್ಟನ್ನು ನಮ್ಮ ಹಳೆಯ ಮೆಕ್ಯಾನಿಕ್‌ಗಳು ಸ್ಪ್ಯಾನರ್ ಹಿಡಿದ ಮೊದಲ ವಾರವೇ ಕಲಿತಿದ್ದರು. ಆದರೆ ಇಲ್ಲಿ ಲಾರಿ ಶೆಡ್ಡಿನಲ್ಲಿ ನಿಂತರೆ ದಿನದ ಬಾಡಿಗೆ ಹೋಯಿತು, ಕಂತು ತಪ್ಪಿತು. ಮಾಲೀಕ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿರುವಾಗ ಹುರುಪಿನ ಪ್ರಶ್ನೆ ಏಳುವುದಿಲ್ಲ. ಗ್ಯಾರೇಜಿನ ಅಮೆರಿಕನ್ನನಿಗೆ ಇಲ್ಲದಿರುವುದು ಆ ಕುರ್ಚಿ.

ಮಲೆನಾಡಿನ ತೋಟಗಳಲ್ಲಿ ಮಾತ್ರ ಇನ್ನೊಂದು ಬಗೆ ಕಾಣುತ್ತದೆ. ಅಜ್ಜನ ಕಾಲದ ವಿಲ್ಲೀಸ್ ಜೀಪು ಅಲ್ಲಿ ಇಂದಿಗೂ ಗೊಬ್ಬರದ ಮೂಟೆ ಹೊತ್ತು ಏರು ಹತ್ತುವುದುಂಟು. ಅದನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟೋಣವೆಂದು ಯಾರೂ ಕೂತಿಲ್ಲ. ಈ ಮಳೆಗಾಲಕ್ಕೆ ತಳದ ತಗಡು, ಕೊಯ್ಲಿಗೆ ಮುಂಚೆ ಕ್ಲಚ್ಚು, ಕೈಯಲ್ಲಿ ಕಾಸಿದ್ದ ವರ್ಷ ಎಂಜಿನ್ನು. ಹೀಗೆ ಬದಲಾಗುತ್ತ ಬದಲಾಗುತ್ತ ಅದರಲ್ಲಿ ಅಜ್ಜ ಕೊಂಡದ್ದೆಂದು ಉಳಿದಿರುವುದು ಚಾಸಿ ಮತ್ತು ನಂಬರ್ ಪ್ಲೇಟು ಮಾತ್ರ ಇರಬಹುದು. ಬೆಳಿಗ್ಗೆ ಎರಡು ಸಲ ಕೆಮ್ಮಿ ಅದು ಹೊರಡುತ್ತದೆ.