ವಿಡಿಯೊ, ಧ್ವನಿಯ ಕೆಲಸ: ಅದೂ ಒಂದು ಕಸುಬೇ?



ಹಟ್ಟಿಕೇರಿಯ ಮನೆಯೊಂದಕ್ಕೆ ನಾವು ಭೇಟಿಗೆ ಹೋಗಿದ್ದಾಗ ತಾಯಿಯೊಬ್ಬರು ಮಗನ ಮೇಲೆ ದೂರು ಹೇಳಿದರು: "ಫಾದರ್, ಪಿಯುಸಿ ಮುಗಿಸಿದ್ದಾನೆ. ಹಡಗಿನ ಕೆಲಸಕ್ಕೆ ಹೋಗು ಅಂದರೆ ಕೇಳುವುದಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡುತ್ತ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಅದೂ ಒಂದು ಕಸುಬೇ?" ಹುಡುಗ ತಲೆ ತಗ್ಗಿಸಿ ನಿಂತಿದ್ದ. ಇದೇ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿ ಇರುವುದರಿಂದ ಇಲ್ಲಿ ಉತ್ತರಿಸಲು ಯತ್ನಿಸುತ್ತೇವೆ.

ಸಂಕಲನ ಎಂದರೆ ಬರೀ ಕತ್ತರಿಸುವುದಲ್ಲ. ಮೂರು ತಾಸಿನ ಚಿತ್ರೀಕರಣವನ್ನು ಪೂರ್ತಿ ನೋಡಿ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು. ನಮ್ಮ ದೇಶದ ಟಿವಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು ಓಡುತ್ತವೆ. ನಾಲ್ಕೈದು ಚಿತ್ರಗಳಷ್ಟು ಹೆಚ್ಚುಕಡಿಮೆಯಾದರೂ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ.

ಧ್ವನಿಯ ಕೆಲಸ ಇನ್ನೂ ಸೂಕ್ಷ್ಮ. ಹಬ್ಬದ ದಿನ ಮೈಕ್ ಕಿರುಚುವುದನ್ನು ನಾವೆಲ್ಲ ಕೇಳಿದ್ದೇವೆ. ಸ್ಪೀಕರಿನ ಸದ್ದು ತಿರುಗಿ ಮೈಕಿಗೇ ನುಗ್ಗಿ ಸುತ್ತುತ್ತ ಹೋಗುವುದರಿಂದ ಹಾಗಾಗುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತಂದು, ಸ್ಪೀಕರನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ತಿರುಗಿಸಿಟ್ಟರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಉದ್ದನೆಯ ಚಪ್ಪರದಲ್ಲಿ 34 ಮೀಟರ್ ಹಿಂದೆ ಕೂತವರಿಗೆ ಮುಂದಿನ ಸ್ಪೀಕರಿನ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತದೆ. ಪಕ್ಕದ ಸ್ಪೀಕರಿನ ಮಾತು ಅದಕ್ಕೂ ಮೊದಲೇ ಕಿವಿಗೆ ಬೀಳುವುದರಿಂದ ಎರಡೂ ಕಲಸಿಹೋಗುತ್ತವೆ. ಬಲ್ಲವನು ಹಿಂದಿನ ಸ್ಪೀಕರನ್ನು ಅಷ್ಟೇ ತಡಮಾಡಿ ನುಡಿಸುತ್ತಾನೆ. ಅರಿಯದವನು ಸದ್ದು ಏರಿಸುತ್ತಾನೆ.

ಇದನ್ನು ಕಲಿಯುವುದೆಲ್ಲಿ? ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ, ಧ್ವನಿ ತಂತ್ರಜ್ಞಾನದ ಶಿಕ್ಷಣ ಆರಂಭವಾಗಿತ್ತು. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಅದೇ ಪರಂಪರೆಯದು. ಪದವಿ ಮುಗಿಸಿದವರಿಗೆ 1960ರಲ್ಲಿ ಸ್ಥಾಪನೆಯಾದ ಪುಣೆಯ ಸಂಸ್ಥೆಯೂ ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆಯೂ ಇವೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಧ್ವನಿ ವಿಭಾಗ ಸುಲಭವಾಗುತ್ತದೆ. ಕೇರಳದ ಹಳ್ಳಿಯೊಂದರಲ್ಲಿ ಸೀಮೆಎಣ್ಣೆ ದೀಪದಡಿ ಓದಿದ ರಸೂಲ್ ಪೂಕುಟ್ಟಿ 1995ರಲ್ಲಿ ಪುಣೆಯಲ್ಲಿ ಕಲಿತು ಹೊರಬಂದು, 2009ರಲ್ಲಿ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಪಡೆದರು.

ಆದರೆ ಎಲ್ಲರಿಗೂ ಆಸ್ಕರ್ ಸಿಗುವುದಿಲ್ಲ. ಬಹುಪಾಲು ಕೆಲಸ ಇರುವುದು ಮದುವೆ, ಜಾಹೀರಾತು, ಸುದ್ದಿವಾಹಿನಿ, ಆನ್‌ಲೈನ್ ಪಾಠಗಳಲ್ಲಿ. ಮದುವೆಯ ಕಾಲದಲ್ಲಿ ಬಿಡುವಿಲ್ಲ, ಮಳೆಗಾಲದಲ್ಲಿ ಕೈ ಬರಿದು. ಲಕ್ಷಗಟ್ಟಲೆ ಶುಲ್ಕ ಕೇಳುವ ಖಾಸಗಿ ಕೋರ್ಸಿಗೆ ಸೇರಿಸುವ ಮುನ್ನ, ಅಲ್ಲಿ ಹಿಂದೆ ಕಲಿತವರು ಈಗ ಎಲ್ಲಿ ದುಡಿಯುತ್ತಿದ್ದಾರೆಂದು ವಿಚಾರಿಸಿರಿ. ಗದ್ದಲ ತೆಗೆಯುವುದು, ಅಡಿಬರಹ ಹಾಕುವುದು ಇವನ್ನೆಲ್ಲ ಈಗ ಕಂಪ್ಯೂಟರೇ ಮಾಡುತ್ತದೆ. ಬರೀ ಗುಂಡಿ ಒತ್ತಲು ಕಲಿತವನಿಗೆ ನಾಳೆ ಕೆಲಸ ಇರಲಿಕ್ಕಿಲ್ಲ. ಏನನ್ನು ಉಳಿಸಬೇಕೆಂಬ ವಿವೇಕ ಇದ್ದವನು ನಿಲ್ಲುತ್ತಾನೆ.

ಈ ವಿವೇಕಕ್ಕೆ ನಮ್ಮೂರಲ್ಲೇ ಕೆಲಸ ಕಾದಿದೆ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಅಸಂಖ್ಯ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು; 2025ರಲ್ಲಿ ಅವರು ತೀರಿಕೊಂಡರು. ಕಾರವಾರ ಆಕಾಶವಾಣಿಯಂಥವರು ಧ್ವನಿಮುದ್ರಿಸಿಕೊಂಡದ್ದರಿಂದ ಆ ಕಂಠ ಇಂದಿಗೂ ಕೇಳಸಿಗುತ್ತದೆ. ನಮ್ಮ ಮನೆಗಳ ಅಜ್ಜಿಯರ ಕೊಂಕಣಿ ಮದುವೆ ಹಾಡುಗಳನ್ನು, ಗುಮಟೆಯ ಪೆಟ್ಟನ್ನು ಯಾರು ಹಿಡಿದಿಟ್ಟಿದ್ದಾರೆ? ಅವರು ಹೋದ ಮೇಲೆ ಎಷ್ಟು ದುಡ್ಡು ಕೊಟ್ಟರೂ ಆ ಸ್ವರ ಸಿಗದು.

ಆ ತಾಯಿಗೆ ನಾವು ಹೇಳಿದ್ದಿಷ್ಟು: "ಅಜ್ಜಿಯ ಒಂದು ಹಾಡನ್ನು ಅವನು ಧ್ವನಿಮುದ್ರಿಸಲಿ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹೆದ್ದಾರಿಯ ಲಾರಿ ಸದ್ದು ಕೇಳದ ಹೊತ್ತು ನೋಡಿ ಮಾಡಲಿ. ಎರಡು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡಲಿ. ಹತ್ತನೇ ಸಲವೂ ಬೇಸರಪಡದೆ ಕೇಳಿ ತಿದ್ದುತ್ತಿದ್ದರೆ, ಅದು ಹುಚ್ಚಲ್ಲ, ಕಸುಬು. ಆಗ ಕಲಿಯಲು ಕಳುಹಿಸಿ."

ಹುಡುಗ ತಲೆಯೆತ್ತಿ ಅಜ್ಜಿಯ ಕೋಣೆಯ ಕಡೆ ನೋಡಿದ. ಪ್ರಿಯ ಪಾಲಕರೇ, ನಿಮ್ಮ ಮಕ್ಕಳಿಗೂ ಇದೇ ಪರೀಕ್ಷೆ ಒಡ್ಡಿರಿ. ಬೈಯುವ ಮುನ್ನ ಒಮ್ಮೆ ಅವರ ಪಕ್ಕ ಕೂತು, ಅವರು ಮಾಡಿದ್ದನ್ನು ಕೇಳಿರಿ.